ನಾಲ್ಕನೇ ಕೌಂಟರಿನಲ್ಲಿ ಹುಟ್ಟಿದ ದೇವರು

ಹುಟ್ಟಿದರೆ ಸಾಲದು, ಹುಟ್ಟಿದ್ದಕ್ಕೆ ಕಾಗದ ಬೇಕು. ಇದು ಜನನ ನೋಂದಣಿ ಕಚೇರಿಯ ವೇದವಾಕ್ಯ. ಈ ವೇದವಾಕ್ಯವನ್ನು ದಿನಕ್ಕೆ ನಲವತ್ತು ಸಲ ಪಠಿಸುತ್ತ ಇಪ್ಪತ್ತೆಂಟು ವರ್ಷ ಸವೆಸಿದ ಗುಮಾಸ್ತನೊಬ್ಬನಿದ್ದ. ಅವನು ಕೂರುತ್ತಿದ್ದದ್ದು ನಾಲ್ಕನೇ ಕೌಂಟರಿನಲ್ಲಿ. ಆದ್ದರಿಂದ ಅವನ ಹೆಸರೂ ನಾಲ್ಕನೇ ಕೌಂಟರ್ ಎಂದೇ ಆಗಿಹೋಗಿತ್ತು. "ನಾಲ್ಕನೇ ಕೌಂಟರ್ ಊಟಕ್ಕೆ ಹೋಗಿದೆ", "ನಾಲ್ಕನೇ ಕೌಂಟರಿಗೆ ಇವತ್ತು ನೆಗಡಿ ಬಂದಿದೆ" ಎಂದು ಜನ ಅವನನ್ನು ನಪುಂಸಕ ಲಿಂಗದಲ್ಲೇ ನಡೆಸಿಕೊಳ್ಳುತ್ತಿದ್ದರು. ಅವನಿಗೆ ಅದರಿಂದ ಬೇಸರವಿರಲಿಲ್ಲ. ಯಾವ ಲಿಂಗದಲ್ಲಾದರೂ ಸರಿ, ತನ್ನ ವಿಷಯ ಮಾತಾಡಿದರಲ್ಲ ಎಂಬುದೇ ದೊಡ್ಡದಾಗಿತ್ತು.

ಏಕೆಂದರೆ ಮಾತಾಡುವವರು ಬೇರೆ ಯಾರೂ ಇರಲಿಲ್ಲ. ಅನಾಥಾಲಯದಲ್ಲಿ ಬೆಳೆದವನು. ಅವರು ಕೊಟ್ಟ ಒಂದು ಪತ್ರದ ಬಲದ ಮೇಲೆ ಕೆಲಸಕ್ಕೆ ಸೇರಿದವನು. ಮದುವೆ ಆಗಲಿಲ್ಲ, ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಹನ್ನೊಂದು ವರ್ಷದಿಂದ ಒಬ್ಬ ಮುದುಕಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. "ಒಬ್ಬನೇ ಇರಬೇಕು, ಗಲಾಟೆ ಇರಕೂಡದು" ಎಂಬುದು ಓನರಮ್ಮನ ಷರತ್ತು. ಆ ಷರತ್ತನ್ನು ಅವನಷ್ಟು ಚೆನ್ನಾಗಿ ಪಾಲಿಸಿದ ಬಾಡಿಗೆದಾರ ಭೂಮಿಯ ಮೇಲೆ ಇನ್ನೊಬ್ಬನಿರಲಾರ. ಹನ್ನೊಂದು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಸಂಭಾಷಣೆಯನ್ನೆಲ್ಲ ಸೇರಿಸಿದರೆ ಇಷ್ಟು: "ಮೇಲೆ ನೀರು ಬರ್ತಿದೆಯಾ?" "ಬರ್ತಿದೆ."

ಹೀಗಿರಲು ಕಚೇರಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಮುಖ್ಯ ಕಚೇರಿಯಿಂದ ಕಂಪ್ಯೂಟರ್ ಮೇಡಂ ಕೂಡ ಬಂದಳು. "ಎಲ್ಲರೂ ಆರಾರು ಮಾದರಿ ಜನನ ಸೇರಿಸಿ ನೋಡಿ. ಸುಲಭದ್ದು ಬೇಡ, ತೊಡಕಿನವು ಬೇಕು. ಯಂತ್ರ ಎಲ್ಲೆಲ್ಲಿ ತಡವರಿಸುತ್ತೆ ಅಂತ ಗೊತ್ತಾಗಲಿ. ಆಮೇಲೆ ಎಲ್ಲಾ ಅಳಿಸಿಬಿಡ್ತೀವಿ" ಎಂದಳು.

ಪಕ್ಕದ ಮೂರನೇ ಕೌಂಟರಿನ ಹೆಂಗಸಿಗೆ ಇದು ಹಬ್ಬವಾಯಿತು. ಮೊಮ್ಮಕ್ಕಳು, ನಾದಿನಿಯ ಅವಳಿಜವಳಿ, ಮೈದುನನ ಎರಡನೇ ಸಂಸಾರ ಎಂದು ಪಟಪಟನೆ ತುಂಬಿಸಿದಳು. ಆಮೇಲೆ ಇತ್ತ ತಿರುಗಿ, "ನೀವು ಯಾರದ್ದು ಹಾಕ್ತೀರಿ? ನಿಮ್ಮ ಕಡೆ ಯಾರೂ ಇಲ್ಲ ಅಲ್ವಾ?" ಎಂದಳು.

ಹೌದು ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಂಪ್ಯೂಟರ್ ಮೇಡಂ ಕೇಳಿಸಿಕೊಳ್ಳುತ್ತಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗೊತ್ತಿದ್ದರೂ ನಾಲ್ಕನೇ ಕೌಂಟರ್ ಬಾಯಿ ಬಿಟ್ಟ. "ಇಲ್ದೇ ಏನು? ನಮ್ಮದು ದೊಡ್ಡ ಮನೆತನ. ಆರು ಸಾಲಲ್ಲ."

ಹೇಳಿದ್ದಾಯಿತು. ಈಗ ಕೀಲಿಮಣೆಯ ಮೇಲೆ ಬೆರಳಿಟ್ಟರೆ ಯಾರ ಹೆಸರೂ ಬರಲಿಲ್ಲ. ಆಗ ಅವನಿಗೆ ನೆನಪಾದವಳು ಅನಾಥಾಲಯದ ಅಡುಗೆ ಅಜ್ಜಿ. ಅಮ್ಮ ಬೇಕೆಂದು ಯಾವ ಮಗು ಅತ್ತರೂ ಅವಳು ಸೌಟು ಹಿಡಿದುಕೊಂಡೇ ಒಂದು ಕಥೆ ಹೇಳುತ್ತಿದ್ದಳು. "ಅಪ್ಪ ಅಮ್ಮ ಇಬ್ಬರೂ ನೆಟ್ಟಗಿದ್ದು ಹುಟ್ಟಿದವರು ಗುಮಾಸ್ತರಾಗ್ತಾರೆ ಕಣೋ. ಹಾಗೂ ಹೀಗೂ ಹುಟ್ಟಿದವರೇ ದೇವರಾಗೋದು. ಸೀತಮ್ಮ ನೇಗಿಲ ಸಾಲಲ್ಲಿ ಸಿಕ್ಕಿದಳು, ಅತ್ತಳಾ?" ಅವನ ವಿಷಯದಲ್ಲಿ ಮಾತ್ರ ಅಜ್ಜಿಯ ಲೆಕ್ಕ ತಪ್ಪಿತು. ಹಾಗೂ ಹೀಗೂ ಹುಟ್ಟಿಯೂ ಅವನು ಗುಮಾಸ್ತನೇ ಆದ.

ಕೂತು ಬರೆದ. ಮಗುವಿನ ಹೆಸರು: ಗಣೇಶ. ತಾಯಿ: ಪಾರ್ವತಿ. ತಂದೆ: ಈಶ್ವರ. ಹುಟ್ಟಿದ ಸ್ಥಳ: ಬಚ್ಚಲುಮನೆ. ಜನನದ ಸಮಯದಲ್ಲಿ ತಂದೆ ಹಾಜರಿದ್ದರೇ: ಇಲ್ಲ. ಸಹಜ ಹೆರಿಗೆಯೋ ಶಸ್ತ್ರಚಿಕಿತ್ಸೆಯೋ ಎಂಬಲ್ಲಿ ಅವನು ತುಂಬ ಹೊತ್ತು ಯೋಚಿಸಿದ. ಶಸ್ತ್ರಚಿಕಿತ್ಸೆ ಆಗಿದ್ದು ನಿಜ, ಆದರೆ ಹುಟ್ಟಿದ ಮೇಲೆ, ಅದೂ ಕುತ್ತಿಗೆಗೆ. ಕೊನೆಗೆ ಶಸ್ತ್ರಚಿಕಿತ್ಸೆ ಎಂದೇ ಗುರುತು ಹಾಕಿದ. ಎರಡನೆಯ ಮಗು ಷಣ್ಮುಖ. ಅಲ್ಲಿ ಯಂತ್ರ ಕಕ್ಕಾಬಿಕ್ಕಿಯಾಯಿತು.

"ಆರು ಜನ ತಾಯಂದಿರಾ?" ಎಂದಳು ಕಂಪ್ಯೂಟರ್ ಮೇಡಂ.

"ಆರೂ ಜನ ಹಾಲು ಕೊಟ್ಟಿದ್ದಾರೆ ಮೇಡಂ. ಯಾರನ್ನ ಬಿಡೋದು?"

"ಇಂಥದ್ದೇ ನನಗೆ ಬೇಕಾಗಿದ್ದು!" ಎಂದು ಆಕೆ ಕುಣಿದು, ಎಷ್ಟು ತಾಯಂದಿರನ್ನಾದರೂ ಸೇರಿಸಬಹುದಾದ ಒಂದು ಗುಂಡಿ ಮಾಡಿಕೊಟ್ಟಳು. ಮೂರನೆಯವನು ಹರಿಹರಸುತ, ತಂದೆ ಅದೇ ಈಶ್ವರ, ತಾಯಿ ಮೋಹಿನಿ, ತಾಯಿಯ ಈಗಿನ ವಿವರ ಲಭ್ಯವಿಲ್ಲ. ನಾಲ್ಕನೆಯವನು ಬಲರಾಮ. ದೇವಕಿಯ ಹೊಟ್ಟೆಯಲ್ಲಿದ್ದವನು ರೋಹಿಣಿಯ ಹೊಟ್ಟೆಗೆ ಹೋದದ್ದಕ್ಕೆ ಕಾರಣ ಕೇಳಿತು ಯಂತ್ರ. 'ವರ್ಗಾವಣೆ' ಎಂದು ಬರೆದ. ಸರ್ಕಾರಿ ಯಂತ್ರಕ್ಕೆ ತಕ್ಷಣ ಅರ್ಥವಾಯಿತು. ಲಕ್ಷ್ಮಿ ಸಮುದ್ರದಲ್ಲಿ ಹುಟ್ಟಿದಳು, ಹೆರಿಗೆ ಮಾಡಿಸಿದವರು ಎರಡೂ ಕಡೆಯವರು. ಕೊನೆಯವಳು ಸೀತೆ. ತಾಯಿಯ ಜಾಗ ಖಾಲಿ, ತಂದೆಯ ಜಾಗ ಖಾಲಿ, ಹೊಲದಲ್ಲಿ ಸಿಕ್ಕಿದ್ದು ಎಂದು ಬರೆದರೆ ಯಂತ್ರ ಕೆಂಪಾಗಿ ಕೂತುಬಿಟ್ಟಿತು. ಮೇಡಂ ಅದಕ್ಕೆಂದೇ 'ದೊರೆತ ಮಗು' ಎಂಬ ಹೊಸ ವಿಭಾಗ ತೆರೆದಳು. ಅವನು ಆ ಎರಡು ಪದಗಳನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದ.

ಹುಟ್ಟಿದ ದಿನಾಂಕ ಗೊತ್ತಿಲ್ಲವಾದ್ದರಿಂದ ಒಂದರಿಂದ ಆರು ವರ್ಷದೊಳಗೆ ಅಂದಾಜಿಗೆ ಹಂಚಿದ. ಕೈಲಾಸ ಎಂಬ ವಿಳಾಸವನ್ನು ಯಂತ್ರ ಒಪ್ಪಲಿಲ್ಲ, ಮನೆ ನಂಬರ್ ಬೇಕು ಎಂದಿತು. ಅವನಿಗೆ ಗೊತ್ತಿದ್ದ ಮನೆ ನಂಬರ್ ಜಗತ್ತಿನಲ್ಲಿ ಒಂದೇ. ಅದನ್ನೇ ಆರಕ್ಕೂ ಹಾಕಿದ. ಮಾಹಿತಿ ಕೊಟ್ಟವರು ಎಂಬಲ್ಲಿ ತನ್ನ ಹೆಸರನ್ನೇ ಬರೆದ. ಇಷ್ಟರವರೆಗೆ ತಪ್ಪೇನಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಪ್ರತಿ ಜನನ ಬರೆದ ಮೇಲೂ 'ಪರಿಶೀಲಿಸಿದೆ' ಎಂಬ ಮೊಹರು ಗುದ್ದಿದ ಕೈ ಅದು. ಪರದೆಯ ಮೇಲೆ ಅದೇ ಪದ ಕಂಡೊಡನೆ ತನ್ನಷ್ಟಕ್ಕೆ ಒತ್ತಿಬಿಟ್ಟಿತು, ಆರು ಸಲ. ಪರಿಶೀಲಿಸಿದ ದಾಖಲೆಯನ್ನು ಯಂತ್ರ ತಾನಾಗಿ ಅಳಿಸುವುದಿಲ್ಲ. ಮುಂದಿನ ವಾರ ಎಲ್ಲರ ಮಾದರಿಗಳೂ ಅಳಿಸಿಹೋದವು. ಮೂರನೇ ಕೌಂಟರಿನ ಮೈದುನ ಎರಡೂ ಸಂಸಾರದ ಸಮೇತ ಹೋದ. ಉಳಿದವರು ಈ ಆರು ಜನ.

ಮೂರು ವಾರ ಕಳೆಯಿತು. ಒಂದು ರಜೆಯ ದಿನ ಬೆಳಿಗ್ಗೆ ಲಸಿಕೆ ಹಾಕುವ ನರ್ಸು ಓನರಮ್ಮನ ಬಾಗಿಲು ತಟ್ಟಿದಳು. ಅವಳ ಕೈಯಲ್ಲಿ ಡಬ್ಬಿ, ಕಂಕುಳಲ್ಲಿ ಪಟ್ಟಿ.

"ಮೇಲಿನ ಕೋಣೇಲಿ ಆರು ಮಕ್ಕಳಿದಾವೆ. ಒಂದಕ್ಕೂ ಒಂದು ಲಸಿಕೆ ಬಿದ್ದಿಲ್ಲ!"

"ಆರಾ!" ಎಂದು ಓನರಮ್ಮ ಮೆಟ್ಟಿಲ ಕಡೆ ನೋಡಿದಳು. ಗದ್ದಲ ಕೇಳಿ ನಾಲ್ಕನೇ ಕೌಂಟರ್ ಟವೆಲ್ ಹೊದ್ದು ಕೆಳಗೆ ಬಂದ. ಎದುರು ಅಂಗಡಿಯ ಟೈಲರ್ ಕತ್ತರಿ ಹಿಡಿದುಕೊಂಡೇ ರಸ್ತೆ ದಾಟಿ ಬಂದ.

ನಮ್ಮವನಿಗೆ ಒಂದು ರೋಗವಿತ್ತು. ಅಧಿಕಾರದ ದನಿಯಲ್ಲಿ ಯಾರೇ ಪ್ರಶ್ನೆ ಕೇಳಿದರೂ ದಾಖಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸುತ್ತಿದ್ದ. ಆಮೇಲೆ ಯೋಚಿಸುತ್ತಿದ್ದ.

"ಮಕ್ಕಳೆಲ್ಲಿ?" ಎಂದಳು ನರ್ಸು.

"ಇಲ್ಲಿಲ್ಲ. ಗಣೇಶ ಅಮ್ಮನ ಜೊತೆ ಬೆಟ್ಟದ ಮೇಲಿದ್ದಾನೆ. ಷಣ್ಮುಖ ಮನಸ್ತಾಪ ಮಾಡ್ಕೊಂಡು ಬೇರೆ ಬೆಟ್ಟಕ್ಕೆ ಹೋದ."

"ನಾಲ್ಕು ವರ್ಷದ ಮಗು ಮನಸ್ತಾಪ ಮಾಡ್ಕೊಂಡು ಮನೆ ಬಿಟ್ಟು ಹೋಯ್ತಾ?"

"ಅಣ್ಣನಿಗೆ ಹಣ್ಣು ಕೊಟ್ಟರು ಅಂತ."

"ಈ ಹರಿಹರಸುತ?"

"ಅವನು ಕಾಡಲ್ಲಿ."

ಓನರಮ್ಮ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ನರ್ಸು ಪೆನ್ನು ತೆಗೆದಳು. "ಅಪ್ಪ ಈಶ್ವರ ಅಂತಿದೆ. ಏನು ಕೆಲಸ?"

"ಕೆಲಸ ಅಂತ ಇಲ್ಲ. ಕಣ್ಣು ಮುಚ್ಚಿ ಕೂತಿರ್ತಾರೆ. ಸ್ಮಶಾನದ ಕಡೆ ಓಡಾಟ ಜಾಸ್ತಿ."

"ಕುಡೀತಾರಾ?"

"ಒಂದೇ ಸಲ ಕುಡಿದದ್ದು. ಅದೂ ವಿಷ."

"ಅಯ್ಯೋ ಪಾಪಿ!" ಎಂದಳು ಓನರಮ್ಮ. ಟೈಲರ್ ನರ್ಸಿನ ಪಟ್ಟಿಯಲ್ಲಿ ತಾಯಂದಿರ ಕಾಲಮ್ಮಿಗೆ ಇಣುಕಿ ಬೆರಳು ಮಡಿಸಿ ಎಣಿಸುತ್ತಿದ್ದ. "ಪಾರ್ವತಿ ಒಂದು, ಷಣ್ಮುಖನ ಆ ಆರು ಜನ ಸೇರಿ ಏಳು, ಮೋಹಿನಿ ಎಂಟು. ಎಂಟು ಹೆಂಗಸರಮ್ಮ! ಕೈಗೆ ಸಿಗಲಿ ಆ ಈಶ್ವರ, ಅಳತೆ ತಗೊಂಡೇ ಬಿಡ್ತೀನಿ."

ಆಗ ನಮ್ಮವನಿಗೆ ಎಚ್ಚರವಾಯಿತು. "ಅಲ್ಲಮ್ಮ, ನೀವು ತಪ್ಪು ತಿಳ್ಕೊಂಡಿದೀರಿ. ಅವರು ಯಾರ ಮನೆ ಮಕ್ಕಳೂ ಅಲ್ಲ. ಅವರು ದೇವರು."

ಓನರಮ್ಮನ ಕಣ್ಣು ತುಂಬಿ ಬಂತು. "ಹೌದಪ್ಪ. ಮಕ್ಕಳು ಅಂದ್ರೆ ದೇವರೇ. ಹಡೆದವರಿಗೆ ಬೇಡವಾದ್ರೂ ನೀನು ನಿನ್ನ ವಿಳಾಸ ಕೊಟ್ಟೆಯಲ್ಲ. ನಿನ್ನನ್ನ ಎಂಥವನೋ ಅಂದ್ಕೊಂಡಿದ್ದೆ."

ಅವನು ಇನ್ನೊಮ್ಮೆ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಓನರಮ್ಮ, "ಬಾ ಒಳಗೆ, ಕಾಫಿ ಕುಡಿ" ಎಂದುಬಿಟ್ಟಳು. ಹನ್ನೊಂದು ವರ್ಷದಲ್ಲಿ ಅವನು ಆ ಬಾಗಿಲು ದಾಟಿರಲಿಲ್ಲ. ತೆರೆದ ಬಾಯಿ ಕಾಫಿಗೆ ಉಪಯೋಗವಾಯಿತು.

ಅಂದಿನಿಂದ ರಸ್ತೆಯೇ ಬದಲಾಯಿತು. ಮುಖ ನೋಡದಿದ್ದವರು ನಿಂತು ಮಾತಾಡಿಸಿದರು. "ಮಕ್ಕಳು ಹೇಗಿದಾವೆ?" ಎಂದು ಹಾಲಿನವನು ಕೇಳಿದ. ಟೈಲರ್ ಉಳಿದ ತುಂಡು ಬಟ್ಟೆಯಲ್ಲಿ ಆರು ಅಂಗಿ ಹೊಲಿಯಲು ಕೂತ.

"ಗಣೇಶನ ಹೊಟ್ಟೆ ಅಳತೆ ಎಷ್ಟು?"

"ಸ್ವಲ್ಪ ಸಡಿಲ ಇಡಿ."

"ಷಣ್ಮುಖನ ಕುತ್ತಿಗೆ?"

ಇದು ಕಿವಿಗೆ ಬಿದ್ದದ್ದೇ ಅವನು ಕಚೇರಿಗೆ ಹೊತ್ತಾಯಿತೆಂದು ಓಡಿದ.

ಓನರಮ್ಮ ಕೆಳಗಿನ ಹಿಂದಿನ ಕೋಣೆಯ ಹಳೆ ಸಾಮಾನನ್ನೆಲ್ಲ ಹೊರಗೆ ಹಾಕಿಸಿ, ನೆಲ ತೊಳೆದು, ಪುಟ್ಟ ದಿಂಬುಗಳನ್ನು ಬಿಸಿಲಿಗಿಟ್ಟಳು. ಆ ಮನೆಯಲ್ಲಿ ಅವಳೂ ಒಬ್ಬಳೇ. ಸಂಜೆ ಅವನನ್ನು ಕೂರಿಸಿಕೊಂಡು ಒಂದೊಂದು ಮಗುವಿನ ವಿಷಯವನ್ನೂ ಕೇಳುತ್ತಿದ್ದಳು. ಅವಳಿಗೆ ಎಲ್ಲರಿಗಿಂತ ಹೆಚ್ಚು ಹಿಡಿಸಿದವಳು ಸೀತೆ. "ಹೊಲದಲ್ಲಿ ಬಿಟ್ಟು ಹೋದರಾ? ಅಳ್ತಾ ಇದ್ದಳಾ?" ಎಂದು ದಿನವೂ ಕೇಳುವಳು. "ಇಲ್ಲಮ್ಮ, ಅಳಲಿಲ್ಲವಂತೆ" ಎಂದು ಅವನು ದಿನವೂ ಹೇಳುವನು. "ಯಾವಾಗ ಕರ್ಕೊಂಡು ಬರ್ತೀಯಾ?" ಎಂದರೆ, "ರಜಾ ಬರಲಿ" ಎನ್ನುವನು.

ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ನಿಜ ಹೇಳಿದರೆ ಮತ್ತೆ 'ನೀರು ಬರ್ತಿದೆಯಾ'ಗೆ ಇಳಿಯಬೇಕಲ್ಲ ಎಂದು ಹೆದರುತ್ತಿದ್ದ. ಐವತ್ತು ದಾಟಿದ ಮನುಷ್ಯ ಒಂದು ಲೋಟ ಕಾಫಿ ಮತ್ತು ಎರಡು ಮಾತಿಗಾಗಿ ಇಡೀ ಕೈಲಾಸವನ್ನು ಒತ್ತೆಯಿಟ್ಟಿದ್ದ.

ಕೈಲಾಸ ಎಷ್ಟು ದಿನ ಒತ್ತೆಯಲ್ಲಿರುತ್ತದೆ? ನರ್ಸಿನ ವರದಿ ಮೇಲಕ್ಕೆ ಹೋಗಿ, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗಿ, ದಪ್ಪಗಾಗಿ ಕೆಳಗೆ ಸಾಹೇಬರ ಮೇಜಿಗೆ ಬಿತ್ತು. ಸಾಹೇಬರು ಎಲ್ಲರನ್ನೂ ಕರೆದು ಗಟ್ಟಿಯಾಗಿ ಓದಿದರು. "ಆರು ಮಕ್ಕಳು ಕಾಣೆ. ತಂದೆ ಸ್ಮಶಾನವಾಸಿ. ಒಬ್ಬ ತಾಯಿ ಪತ್ತೆಯಿಲ್ಲ. ಒಂದು ಮಗುವನ್ನು ಹೊಟ್ಟೆಯಿಂದ ಹೊಟ್ಟೆಗೆ ವರ್ಗಾಯಿಸಲಾಗಿದೆ. ವರ್ಗಾವಣೆ ಆದೇಶದ ಪ್ರತಿ ಲಗತ್ತಿಸಿಲ್ಲ. ಏನ್ರೀ ಇದು?"

ಮೂರನೇ ಕೌಂಟರ್ ಕೆನ್ನೆ ಬಡಿದುಕೊಂಡಳು. "ಸಾರ್, ಇವರೆಲ್ಲ ದೇವರು ಸಾರ್! ಬಚ್ಚಲುಮನೆ ಅಂದಾಗಲೇ ನನಗೆ ಅನುಮಾನ ಬಂತು."

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ದೇವರಿಗೆ ಜನನ ಪತ್ರ ಕೊಡೋಕೆ ನೀನ್ಯಾರಯ್ಯ? ನನ್ನ ಎದುರೇ ಅಳಿಸು. ಈಗಲೇ."

ಅಳಿಸಲು ಯಂತ್ರ ಕಾರಣ ಕೇಳಿತು. ಮೂರು ಕಾರಣ ಮಾತ್ರ: ಮರಣ, ಸುಳ್ಳು ಮಾಹಿತಿ, ವಲಸೆ.

"ಮರಣ ಅಂತ ಬಾಯಲ್ಲೂ ಹೇಳಬೇಡ" ಎಂದರು ದೈವಭಕ್ತರಾದ ಸಾಹೇಬರು. "ಸುಳ್ಳು ಅಂತ ಹಾಕಿದರೆ ದೇವರೇ ಸುಳ್ಳು ಅಂದ ಹಾಗಾಯ್ತು. ವಲಸೆ ಅಂತ ಹಾಕು."

"ಎಲ್ಲಿಗೆ ಅಂತ ಕೇಳ್ತಿದೆ ಸಾರ್."

ಸಾಹೇಬರು ಸ್ವಲ್ಪ ಯೋಚಿಸಿದರು. "ಎಲ್ಲಾ ಕಡೆಗೆ."

ಒಬ್ಬೊಬ್ಬರಾಗಿ ಹೋದರು. ಸೀತೆಯ ಸರದಿ ಬಂದಾಗ ನಾಲ್ಕನೇ ಕೌಂಟರಿನ ಬೆರಳು ತಡೆಯಿತು. ಸಾಹೇಬರು ಕೆಮ್ಮಿದರು. ಅವಳೂ ಹೋದಳು. ಎಚ್ಚರಿಕೆ ಪತ್ರವೊಂದನ್ನು ಜೇಬಿಗಿಟ್ಟುಕೊಂಡು ಅವನು ಮನೆಗೆ ಬಂದ.

ಎರಡು ದಿನವಾದ ಮೇಲೆ ನರ್ಸು ಮತ್ತೆ ಬಂದಳು. ಮೆಟ್ಟಿಲು ಹತ್ತಿ, ತೆರೆದಿದ್ದ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ 'ಖಾಲಿ' ಎಂದು ಬರೆದಳು. ಬಾಗಿಲು ಹಿಡಿದುಕೊಂಡು ನಿಂತಿದ್ದವನು ನಾಲ್ಕನೇ ಕೌಂಟರೇ.

"ಖಾಲಿ ಹೇಗಮ್ಮ? ನಾನಿದ್ದೀನಲ್ಲ?"

"ನೀವು ಲಿಸ್ಟಲ್ಲಿಲ್ಲ. ಹುಟ್ಟಿದ ದಾಖಲೆ ಇಲ್ಲದವರನ್ನ ಹೊಸ ಯಂತ್ರ ಎಣಿಸಲ್ಲ. ಆರು ಜನ ಇದ್ರು, ವಲಸೆ ಹೋದ್ರು. ಈಗ ಸೊನ್ನೆ. ನಿಮ್ಮ ಆಫೀಸಿನ ನಿಯಮಾನೇ ಅಲ್ವಾ?"

ನಿಯಮ ಅವನದೇ. ದಿನಕ್ಕೆ ನಲವತ್ತು ಸಲ ಹೇಳಿದ್ದು.

ಸದ್ದು ಕೇಳಿ ಓನರಮ್ಮ ಕೆಳಗಿನಿಂದ, "ಯಾರು ವಲಸೆ ಹೋದ್ರು? ಮಕ್ಕಳಾ?" ಎಂದು ಕೂಗಿದಳು. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಅವನು ಇಳಿದು ಹೋಗಿ, ಅವಳೆದುರು ನಿಂತು, ಕಂಪ್ಯೂಟರ್ ಬಂದ ದಿನದಿಂದ ಸೀತೆ ಅಳಿಸಿಹೋದ ದಿನದವರೆಗೆ ಎಲ್ಲವನ್ನೂ ಒಪ್ಪಿಸಿದ.

"ಹಾಗಾದ್ರೆ ಮಕ್ಕಳೇ ಇಲ್ಲ."

"ಇಲ್ಲಮ್ಮ."

"ಆರೂ ಜನಾನೂ?"

"ಆರೂ ಜನಾನೂ."

"ಸೀತೆನೂ?"

"ಸೀತೆನೂ ಇಲ್ಲಮ್ಮ."

ಅವಳು ಬೈಯಲಿಲ್ಲ. ಬಿಸಿಲಿಗಿಟ್ಟಿದ್ದ ದಿಂಬುಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಟೈಲರ್ ಮಾತ್ರ ಇಬ್ಬರ ಪಾಲನ್ನೂ ತಾನೇ ಬೈದ. ಹಾಲಿನವನು ತಲೆ ತಗ್ಗಿಸಿ ಸೈಕಲ್ ತುಳಿದ. 'ನೀರು ಬರ್ತಿದೆಯಾ' ಎಂದು ಕೇಳುವವರೂ ಇಲ್ಲವಾದರು. ಅವನು ಎರಡು ದಿನ ಮಂಚದ ಮೇಲೆ ಬಿದ್ದುಕೊಂಡ. ಬಾಗಿಲ ಮೇಲೆ ಖಾಲಿ ಎಂದು ಬರೆದದ್ದು ಸರಿಯಾಗಿಯೇ ಇದೆ ಎಂದು ಅವನಿಗೆ ಅನಿಸತೊಡಗಿತ್ತು.

ಮೂರನೆಯ ದಿನ ಕಚೇರಿಗೆ ಹೋಗಿ ತಡವಾದ ಜನನ ನೋಂದಣಿಯ ಅರ್ಜಿಯೊಂದನ್ನು ತೆಗೆದು ತನ್ನದೇ ಹೆಸರು ಬರೆದ. ತಾಯಿ, ತಂದೆ ಎಂಬಲ್ಲಿ ಯಂತ್ರ ಈಗ ಕೆಂಪಾಗಲಿಲ್ಲ. 'ದೊರೆತ ಮಗು' ಎಂದು ತಾನೇ ತೋರಿಸಿತು. ಸೀತೆಯ ಜಾಗದಲ್ಲಿ ಅವನು ಕೂತ. ಆದರೆ ಕೊನೆಯ ಸಾಲಿನಲ್ಲಿ ಸಿಕ್ಕಿಕೊಂಡ. 'ಈ ವ್ಯಕ್ತಿ ಹುಟ್ಟಿದ್ದನ್ನು ಬಲ್ಲ, ವಯಸ್ಸಿನಲ್ಲಿ ಹಿರಿಯರಾದ ಒಬ್ಬರು ಖುದ್ದಾಗಿ ಬಂದು ಹೇಳಿಕೆ ಕೊಡತಕ್ಕದ್ದು.'

ಮೂರನೇ ಕೌಂಟರ್, "ನಾನು ನಿಮಗಿಂತ ಚಿಕ್ಕವಳಪ್ಪ" ಎಂದಳು. ಅದನ್ನು ಹೇಳಲು ಸಿಕ್ಕ ಅವಕಾಶಕ್ಕೆ ಖುಷಿಯಾದಳು ಕೂಡ. ಸಾಹೇಬರು, "ನಾನು ಅಧಿಕಾರಿ, ಸಾಕ್ಷಿ ಆಗೋ ಹಾಗಿಲ್ಲ" ಎಂದರು. ಟೈಲರನ್ನು ಕೇಳುವ ಧೈರ್ಯವಾಗಲಿಲ್ಲ. ಅಡುಗೆ ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಜಗತ್ತಿನಲ್ಲಿ ಇಷ್ಟು ಜನರಿದ್ದಾರೆ, ಇವನು ಹುಟ್ಟಿದ್ದಾನೆ ಎಂದು ಹೇಳಲು ಒಬ್ಬರು ಸಿಗಲಿಲ್ಲ.

ಅಪೂರ್ಣ ಅರ್ಜಿಯನ್ನು ಅರ್ಜಿದಾರನಿಗೆ ಅಂಚೆಯಲ್ಲಿ ಹಿಂದಿರುಗಿಸಬೇಕೆಂಬುದು ನಿಯಮ. ಅವನು ನಿಯಮ ಮೀರುವವನಲ್ಲ. 'ಹೇಳಿಕೆದಾರರು ಯಾರೂ ಇಲ್ಲದ ಕಾರಣ ತಮ್ಮ ಜನನವನ್ನು ಪರಿಗಣಿಸಲಾಗುವುದಿಲ್ಲ' ಎಂದು ತನಗೇ ತಾನೇ ಪತ್ರ ಬರೆದು, ಸಹಿ ಮಾಡಿ, ಮೊಹರು ಒತ್ತಿ, ಯಂತ್ರ ಅಚ್ಚು ಹಾಕಿಕೊಟ್ಟ ಅರ್ಜಿಯ ಜೊತೆ ಕಚೇರಿಯ ಅಂಚೆಗೆ ಹಾಕಿದ. ಮೇಲಿನ ಕೋಣೆ ಖಾಲಿಯೆಂದು ಬರೆದಿದ್ದರಿಂದ ಅಂಚೆಯವನು ಅದನ್ನು ಕೆಳಗಿನ ಮನೆಗೆ ಕೊಟ್ಟುಹೋದ.

ಮಾರನೆಯ ದಿನ ಮಧ್ಯಾಹ್ನ ನಾಲ್ಕನೇ ಕೌಂಟರಿನ ಕಿಂಡಿಯೊಳಗೆ ಒಂದು ಟೋಕನ್ ಮತ್ತು ಒಡೆದ ಲಕೋಟೆ ಒಟ್ಟಿಗೆ ಬಂದು ಬಿದ್ದವು. ಅವನು ತಲೆಯೆತ್ತಿದ. ಕಿಂಡಿಯಾಚೆ ಓನರಮ್ಮ ನಿಂತಿದ್ದಳು. ಸರದಿಯಲ್ಲಿ ಮೂರು ಗಂಟೆ ನಿಂತು ಕಾಲು ನೋವಾಗಿ ಅವಳ ಮುಖ ಗಂಟಿಕ್ಕಿತ್ತು.

"ಹೇಳಿಕೆ ಕೊಡಬೇಕಂತೆ. ಏನು ಕೇಳಬೇಕೋ ಕೇಳು."

ಅವನು ಅಭ್ಯಾಸಬಲದಿಂದ ಅರ್ಜಿ ಎಳೆದುಕೊಂಡು ಕಚೇರಿಯ ದನಿಯಲ್ಲೇ ಶುರು ಮಾಡಿದ. "ಅರ್ಜಿದಾರರಿಗೂ ನಿಮಗೂ ಸಂಬಂಧ?"

"ಅವನು ಮೇಲೆ, ನಾನು ಕೆಳಗೆ."

"ಈ ವ್ಯಕ್ತಿ ಹುಟ್ಟಿದ್ದು ನಿಮಗೆ ಹೇಗೆ ಗೊತ್ತು?"

ಹಿಂದೆ ನಿಂತವರು ಬೇಗ ಬೇಗ ಎಂದು ಗೊಣಗಿದರು. ಓನರಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಸಂಜೆ ಆರೂಕಾಲಿಗೆ ಬರ್ತಾನೆ. ಚಪ್ಪಲಿ ಬಿಟ್ಟು ಕಿಟಕಿ ಹತ್ರ ಹೋಗ್ತಾನೆ. ಅಲ್ಲಿಂದ ಬಾಗಿಲ ಹತ್ರ, ಮತ್ತೆ ಕಿಟಕಿ ಹತ್ರ. ಮಲಗೋವರೆಗೂ ಇದೇ, ನನ್ನ ತಲೆ ಮೇಲೆ. ಹನ್ನೊಂದು ವರ್ಷದಿಂದ ಕೇಳ್ತಾ ಕೂತಿದ್ದೀನಿ, ಮನೇಲಿ ಕೇಳೋಕೆ ಇನ್ನೇನಿದೆ? ಮೊನ್ನೆ ಎರಡು ದಿನ ಸದ್ದೇ ಇಲ್ಲ. ಎರಡು ದಿನವೂ ನನಗೆ ಅನ್ನ ಸೇರಲಿಲ್ಲ. ಹುಟ್ಟದೇ ಇರೋನು ಹೀಗೆ ಮಾಡ್ತಾನೇನಪ್ಪ? ಬರ್ಕೋ."

ಅವನು ಬರೆದುಕೊಂಡ. ಕಾಲಮ್ಮಿನಲ್ಲಿ ಜಾಗ ಸಾಲಲಿಲ್ಲ. ಹಾಳೆ ತಿರುವಿ ಹಿಂದುಗಡೆಯೂ ಬರೆದ.